ಲೇಯಾಬಾಯಿಯ ಮಲಿದಾ

ಮದರಾಸಿನಲ್ಲಿ ಹೆರಿಗೆ ಕೆಲಸ ಕಲಿತು ೧೯೩೪ರಲ್ಲಿ ಹೊಸಪೇಟೆ ಆಸ್ಪತ್ರೆಗೆ ನರ್ಸಾಗಿ ಬಂದ ಲೇಯಾಬಾಯಿಗೆ ಇಪ್ಪತ್ತಮೂರು ವರ್ಷ. ಕೊಂಕಣದ ಅಲಿಬಾಗಿನ ಯಹೂದಿ ಹುಡುಗಿ. ಊರಿನವರು ಮಾತ್ರ ಅವಳನ್ನು ಕಿರಿಸ್ತಾನದವಳೆಂದೇ ತೀರ್ಮಾನಿಸಿಬಿಟ್ಟಿದ್ದರು. ಅಲ್ಲ ಅಲ್ಲ ಎಂದು ಹೇಳಿ ಅವಳ ಬಾಯಿ ನೋಯಿತೇ ಹೊರತು ಕೇಳುವವರಿರಲಿಲ್ಲ.

ಎಮ್ಮಿಗನೂರಿನ ಯಲ್ಲಕ್ಕ ಎರಡು ದಿನ ಹೆರಿಗೆ ನೋವು ತಿಂದಾಗ, ಮಗು ಉಳಿದರೆ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲಿದಾ ಮಾಡುತ್ತೇನೆಂದು ಲೇಯಾ ಹರಕೆ ಹೊತ್ತಳು. ಮಗು ಉಳಿಯಿತು, ಆಸ್ಪತ್ರೆಯ ಹೆಂಚು ಹಾರುವಂತೆ ಅತ್ತಿತು.

ಮಲಿದಾ ಎಂದರೆ ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ, ಮೇಲಷ್ಟು ಹಣ್ಣು. ಕಲಸುವವರು ಹೆಂಗಸರು; ಹಣ್ಣೆತ್ತಿ ಹೀಬ್ರೂ ಪ್ರಾರ್ಥನೆ ಹೇಳುವವರು ಗಂಡಸರು. ಕೂತವರೆಲ್ಲ ‘ಆಮೇನ್’ ಅನ್ನಬೇಕು. ಹೊಸಪೇಟೆಯಲ್ಲಿ ಯಹೂದಿ ಗಂಡಸನ್ನು ಎಲ್ಲಿಂದ ತರುವುದು? ಅಲಿಬಾಗಿನಲ್ಲಿದ್ದ ಅಪ್ಪ ಸಾಮಾಜಿಗೆ ಕಾಗದ ಬರೆದಳು. ನಿನ್ನ ಹೆಸರಿನಲ್ಲಿ ಇಲ್ಲೇ ಮಾಡಿಸುತ್ತೇನೆ, ನೀನು ಸುಮ್ಮನಿರು ಎಂದು ಉತ್ತರ ಬಂತು.

ಲೇಯಾಳಿಗೆ ಸಿಟ್ಟು ನೆತ್ತಿಗೇರಿತು. ಹರಕೆ ಹೊತ್ತವಳು ತಾನು, ತೀರಿಸುವವರು ಇನ್ನೊಬ್ಬರೇ? ಪ್ರಾರ್ಥನೆಯೇನೋ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಆದರೆ ಒಮ್ಮೆಯೂ ಜೋರಾಗಿ ಹೇಳಿರಲಿಲ್ಲ. ತಾನು ಹೇಳಿದರೆ ಸಂದೀತೇ ಎಂಬ ಭಯ.

“ಗಂಡಸರಿಲ್ದ ಮಾಡಿದ್ರ ನಿಮ್ಮ ದೇವ್ರು ಸಿಟ್ಟಾಗಂಗಿಲ್ಲೇನ?” ಎಂದರು ಪಕ್ಕದ ಮನೆಯ ಸರಸ್ವತೀಬಾಯಿ, ಮಹಾ ಮಡಿಯ ಹೆಂಗಸು.

“ತೀರಿಸ್ದಿದ್ರ ಸಿಟ್ಟಾಗ್ತಾನ್ರಿ ಮೌಶಿ.”

“ಹಂಗಾದ್ರ ಮಾಡು. ನಾ ತಿನ್ನಂಗಿಲ್ಲ ನೋಡು, ಆಮೇನ್ ಬೇಕಾದ್ರ ಅಂತೀನಿ!”

ಯಲ್ಲಕ್ಕ ಕೂಸನ್ನೂ ಹೊಸ ಅವಲಕ್ಕಿಯನ್ನೂ ಎತ್ತಿಕೊಂಡು ಲೇಯಾಳ ಮನೆಗೆ ಬಂದಳು; ಓಣಿಯ ನಾಲ್ಕು ಹೆಂಗಸರೂ ಬಂದು ಕೂತರು. ಲೇಯಾ ಕಮಲಾಪುರದ ಬಾಳೆಹಣ್ಣೆತ್ತಿದಳು. ಮೊದಲ ಮಾತು ಅವಳಿಗೇ ಕೇಳಿಸಲಿಲ್ಲ. ಎರಡನೆಯದಕ್ಕೆ ದನಿ ಬಂತು. ಅರ್ಧಕ್ಕೇ ಯಲ್ಲಕ್ಕ ಆಮೇನ್ ಅಂದುಬಿಟ್ಟಳು. “ಲೇ, ಇನ್ನಾ ಮುಗಿದಿಲ್ಲ!” ಎಂದು ಸರಸ್ವತೀಬಾಯಿ ಗದರಿದರು. ಎಲ್ಲರೂ ನಕ್ಕರು. ನಗುತ್ತಲೇ ಲೇಯಾ ಕೊನೆ ಮುಟ್ಟಿಸಿದಳು. ತಾನು ಯಹೂದಿ ಮನೆಯಲ್ಲಿ ಹುಟ್ಟಿದವಳಷ್ಟೇ ಅಲ್ಲ, ಯಹೂದಿಯೇ ಎಂದು ಅವಳಿಗೆ ಅವತ್ತು ಅನ್ನಿಸಿತು. ಅಂಥ ಸಂತೋಷವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಅಪ್ಪನಿಗೆ ಮಾತ್ರ ತಿಳಿಸಲಿಲ್ಲ.

ಮರುವರ್ಷ ಸಾಮಾಜಿ ಬಂದರು. ಬಂದ ಗಳಿಗೆಯಲ್ಲೇ ಸರಸ್ವತೀಬಾಯಿ, “ನಿಮ್ಮ ಮಗಳು ಮಂತ್ರ ಭಾಳ ಚಲೋ ಹೇಳ್ತಾಳ್ರಿ” ಎಂದು ಗುಟ್ಟು ಒಡೆದರು. ಅಪ್ಪ ಒಮ್ಮೆ ಮಗಳ ಮುಖ ನೋಡಿ, ಕೈಕಾಲು ತೊಳೆಯಲು ಹೋದರು.

ಅಪ್ಪ ಬಂದರೆಂದು ಸಂಜೆ ಅವಳು ಮಲಿದಾ ಕಲಸಿ, ಓಣಿಯ ಹೆಂಗಸರೆಲ್ಲ ಬಂದು ಕೂತ ಮೇಲೆ ತಟ್ಟೆಯನ್ನು ಅಪ್ಪನ ಮುಂದಿಟ್ಟಳು. ಅವರು ಅದನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿ, ಹೆಂಗಸರ ಸಾಲಿನ ಕೊನೆಗೆ ಹೋಗಿ ಕೂತರು. ಲೇಯಾ ಹಣ್ಣೆತ್ತಿ ಪೂರ್ತಿ ಹೇಳಿ ಮುಗಿಸಿದಳು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಆಮೇನ್ ಅಂದವರು ಅಪ್ಪ.