ಚೆಂಡಾಟಕ್ಕೆ ಕಣ ಮಾಡುವ ಗೋಪಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಯಚೂರಿನ ಹತ್ತಿ ಗಿರಣಿಯ ಹಿಂದಿನ ಬಯಲಿನಲ್ಲಿ ಜೋಡೆತ್ತುಗಳು ಸುತ್ತು ಹಾಕುತ್ತಿವೆ, ಅವುಗಳ ಹಿಂದೆ ಕಲ್ಲಿನ ಗುಂಡು ಉರುಳುತ್ತಿದೆ. ಎತ್ತು ಹೊಡೆಯುತ್ತಿರುವವರು ಉರುಕುಂದಪ್ಪ. ಮುಂದೆ ಬರಿಗಾಲಲ್ಲಿ ನಡೆಯುತ್ತಿರುವವರು ಅವರ ಹೆಂಡತಿ ಗೋಪಮ್ಮ. ಮಡಿಲಲ್ಲಿ ಜೋಳದ ಹೊಟ್ಟು ಕಟ್ಟಿಕೊಂಡಿದ್ದಾರೆ. ನೆಲ ಒದ್ದೆಯಾಗಿ ಕಂಡಲ್ಲಿ ಅದನ್ನು ಎರಚುತ್ತಾರೆ, ಅಂಗಾಲಿನಿಂದ ಒತ್ತಿ ನೋಡುತ್ತಾರೆ, ಮತ್ತೆ ಗಂಡನಿಗೆ ಕೈ ತೋರಿಸುತ್ತಾರೆ. ಎತ್ತುಗಳು ಆ ಕಡೆ ತಿರುಗುತ್ತವೆ. ಹೊಸಬರು ನೋಡಿದರೆ ರಾಶಿಗೆ ಕಣ ಸಿದ್ಧವಾಗುತ್ತಿದೆ ಎಂದೇ ತಿಳಿಯಬೇಕು. ಆದರೆ ಈ ಕಣಕ್ಕೆ ತೆನೆ ಬರುವುದಿಲ್ಲ, ಚೆಂಡು ಬರುತ್ತದೆ. ಭಾನುವಾರ ಇಲ್ಲಿ ಗುಲಬರ್ಗದವರೊಡನೆ ಫುಟ್‌ಬಾಲ್ ಪಂದ್ಯ.

ದೋಆಬ್ ಫುಟ್‌ಬಾಲ್ ಕ್ಲಬ್ಬಿಗೆ ಈಗ ಒಂಬತ್ತು ವರ್ಷ. ಗಿರಣಿಯ ಕೂಲಿಗಳು ಬಿಡುವಿನಲ್ಲಿ ಚಿಂದಿ ಚೆಂಡು ಒದೆಯುತ್ತಿದ್ದುದೇ ಇದರ ಮೂಲ. ಆಮೇಲೆ ದೇವದುರ್ಗ, ಮಾನ್ವಿ ಕಡೆಯ ಚುರುಕು ಕಾಲಿನ ಹುಡುಗರನ್ನು ಹುಡುಕಿ ತಂದು, ಗಿರಣಿಯಲ್ಲಿ ಕೆಲಸ ಕೊಡಿಸಿ, ಪಂದ್ಯದ ದಿನ ಊಟವನ್ನೂ ಕೈಗಿಷ್ಟು ಕಾಸನ್ನೂ ಕೊಡುವ ಪದ್ಧತಿ ಬಂತು. ಹೀಗೆ ಅರ್ಧ ಕೂಲಿ, ಅರ್ಧ ಆಟಗಾರರಾದ ಇವರು ಹೈದರಾಬಾದಿನ ತನಕ ಹೋಗಿ ಗೆದ್ದು ಬಂದದ್ದಿದೆ. ಗಿರಣಿಯ ಕಚೇರಿಯ ಗೋಡೆಯ ತುಂಬ ಅವರ ಫೋಟೋಗಳಿವೆ. ಗೋಪಮ್ಮ ಒಂದರಲ್ಲೂ ಇಲ್ಲ. ಹೂವಿನ ಕುಂಡಕ್ಕೂ ಜಾಗ ಸಿಕ್ಕಿದೆ, ಇವರಿಗೆ ಸಿಕ್ಕಿಲ್ಲ ಎಂದು ನನಗೇ ಸಿಟ್ಟು ಬಂತು.

ಆಟವೆಲ್ಲ ಬರಿಗಾಲಲ್ಲೇ. ಮೊದಲ ವರ್ಷ ಈ ಬಯಲು ಬರೀ ಹರಳು, ಜಾಲಿ ಮುಳ್ಳು. ಎದುರಾಳಿಗಿಂತ ಹೆಚ್ಚು ನೆಲವೇ ಆಟಗಾರರನ್ನು ಮಲಗಿಸುತ್ತಿತ್ತು. ಕ್ಲಬ್ಬಿನ ಕಾರ್ಯದರ್ಶಿ ಪ್ರಹ್ಲಾದ ಮಾಸ್ತರರು ಮಾನ್ವಿಯವರು. ಪಕ್ಕದ ನೀರಮಾನ್ವಿಯಿಂದ ಬಂದು ಗಿರಣಿಯಲ್ಲಿ ಹತ್ತಿ ಹಸನು ಮಾಡುವ ಗೋಪಮ್ಮನ ಕಣದ ಕೆಲಸ ಅವರಿಗೆ ಗೊತ್ತಿತ್ತು. ಈ ಬಯಲನ್ನೂ ಹಾಗೇ ಮಾಡಿಕೊಡಬಹುದೇ ಎಂದು ಕೇಳಿದರು. ಗೋಪಮ್ಮ ಹೂಂ ಎಂದರು. ನೀರು ಕುಡಿಸಿ, ಹೊಟ್ಟು ಎರಚಿ, ಗುಂಡು ಹೊಡೆದು, ಮೇಲೆ ಸಗಣಿ ನೀರು ಹಾಕಿ ಗುಡಿಸಿದರೆ ನೆಲ ಮನೆಯ ಪಡಸಾಲೆಯಂತಾಯಿತು.

ಮರುದಿನ ಪಂದ್ಯಕ್ಕೆ ಬಂದವರು ನಿಂತಲ್ಲೇ ನಿಂತರು. ಮೈದಾನದ ನಟ್ಟನಡುವೆ ಆಳೆತ್ತರದ ಮರದ ಕಂಬ! ಅರಿಸಿನ ಕುಂಕುಮ ಹಚ್ಚಿ, ತುದಿಗೆ ಜೋಳದ ತೆನೆ ಕಟ್ಟಿ, ಪೂಜೆಯೂ ಆಗಿಬಿಟ್ಟಿದೆ. ಕಣದ ನಡುವೆ ಎತ್ತು ಕಟ್ಟಿ ತಿರುಗಿಸುವ ಮೇಟಿ ಅದು. ಮಾಸ್ತರರು ತಲೆಯ ಮೇಲೆ ಕೈ ಹೊತ್ತರು. ಮೇಟಿ ಇಲ್ಲದ್ದು ಎಂಥ ಕಣ ಎಂದು ಗೋಪಮ್ಮ ಅವರನ್ನೇ ಕೇಳಿದರು. ಕೀಳೋಣವೆಂದರೆ, ಪೂಜೆಯಾದ ಮೇಟಿಯನ್ನು ರಾಶಿ ಅಳೆಯುವ ಮೊದಲು ಮುಟ್ಟುವಂತಿಲ್ಲ. ಹನ್ನೆರಡನೆಯ ಆಟಗಾರ ಎಂದುಕೊಂಡು ಹಾಗೇ ಆಡೋಣ ಎಂದವರೂ ಇದ್ದರಂತೆ.

ದಾರಿ ತೋರಿಸಿದವರು ದೇವದುರ್ಗದ ರೈತರ ಮನೆಯ ವಲಿ ಪಾಷಾ. ಆಗ ಹೊಸ ಆಟಗಾರ, ಈಗ ತಂಡದ ನಾಯಕ. ಅವರು ಪಂದ್ಯದ ಊಟ ಬೇಯುತ್ತಿದ್ದ ಅಡುಗೆಮನೆಗೆ ಓಡಿ ಒಂದು ಮೊರದ ತುಂಬ ಜೋಳ ತಂದು ಮೇಟಿಯ ಬುಡಕ್ಕೆ ಸುರಿದರು. ಗೋಪಮ್ಮ ಆ ಪುಟ್ಟ ರಾಶಿಗೆ ಪೂಜೆ ಮಾಡಿ, ಅಳೆದು, ಮೇಟಿ ಕಿತ್ತರು. ಅಂದು ದೋಆಬ್ ಗೆದ್ದಿತು. ಮೇಟಿಯ ಮಹಿಮೆ ಎಂದು ಈಗಲೂ ಹೇಳುವವರಿದ್ದಾರೆ. ಎದುರು ತಂಡದ ಗೋಲು ಕಾಯುವವನು ಜ್ವರ ಬಂದು ಮಲಗಿದ್ದ ಸಂಗತಿಯನ್ನು ಮಾತ್ರ ಅವರು ಹೇಳುವುದಿಲ್ಲ. ಅಂದಿನಿಂದ ಪ್ರತಿವರ್ಷ ಮೇಟಿ ನಿಲ್ಲಿಸಿ, ಜೋಳ ಅಳೆದು, ಅದನ್ನು ಕಿತ್ತ ಮೇಲೆಯೇ ಆಟ ಶುರು.

ಗೋಪಮ್ಮನ ಇನ್ನೊಂದು ಕಟ್ಟುಪಾಡು ಇನ್ನೂ ಬಿಗಿ. ಕಣಕ್ಕೆ ಚಪ್ಪಲಿ ಕಾಲು ಬರಕೂಡದು. ಗಿರಣಿಯ ಮಾಲೀಕರೂ ಜೋಡು ಅಂಚಿನಲ್ಲೇ ಬಿಟ್ಟು ಬರುತ್ತಾರೆ.

ಹೋದ ವರ್ಷ ಹೈದರಾಬಾದ್ ಸಂಸ್ಥಾನದ ಗಲಾಟೆಯಲ್ಲಿ ಆಟ ನಿಂತಿತ್ತು. ಆಟಗಾರರು ಊರೂರು ಸೇರಿದ್ದರು, ಬಯಲಿನಲ್ಲಿ ಜಾಲಿ ಎದ್ದಿತ್ತು. ಈ ಸಲ ಯಾರೂ ಕರೆಯುವ ಮೊದಲೇ ಗೋಪಮ್ಮ ಬಂದು ಮುಳ್ಳು ಕಡಿಯಲು ಕೂತರು. ಬೆಳಗ್ಗೆ ಇಲ್ಲಿ, ಆಮೇಲೆ ಸಂಜೆಯ ತನಕ ಗಿರಣಿಯಲ್ಲಿ. ಅಂಗೈ ಬಿರುಕು ಬಿಟ್ಟಿದೆ, ಸೊಂಟ ಹಿಡಿದಿದೆ. "ನೋವು ಇರತದ್ರೀ, ಇಲ್ಲ ಅನ್ನಂಗಿಲ್ಲ. ಆದ್ರ ಗುಂಡು ಉರುಳಾಕತ್ತಿದ್ರ ನನಗ ಅದು ನೆಪ್ಪಿಗೇ ಬರಂಗಿಲ್ಲ," ಎನ್ನುತ್ತಾರೆ. ಮುಖ ನೋಡಿದರೆ ಮಾತು ನಿಜವೆನಿಸುತ್ತದೆ.

ಈ ಬುಧವಾರ ಮಾತ್ರ ಆ ಮುಖ ಬಾಡಿದೆ. ಗುಲಬರ್ಗದವರು ಬೂಟು ಹಾಕಿ ಆಡುವವರು. ಬಿಚ್ಚುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಪಂದ್ಯವನ್ನು ಸ್ಟೇಷನ್ನಿನ ಆಚೆಯ ಹುಲ್ಲಿನ ಬಯಲಿಗೆ ಒಯ್ಯಬಹುದು. ಆದರೆ ಆಟ ನಡೆಯುವ ತನಕ ಮಾತ್ರ ಈ ಜಾಗ ಕ್ಲಬ್ಬಿನದು ಎಂದು ಗಿರಣಿಯವರು ಮೊದಲೇ ಹೇಳಿದ್ದಾರೆ. ಹೋದ ವರ್ಷವೂ ಆಟವಿಲ್ಲ, ಈ ವರ್ಷವೂ ಇಲ್ಲವೆಂದಾದರೆ ಇಲ್ಲಿ ಹತ್ತಿ ತುಂಬಿದ ಅಂಡಿಗೆಗಳನ್ನು ಒಟ್ಟುತ್ತಾರೆ. ಇಲ್ಲೇ ಆಡಿದರೆ ಗೋಪಮ್ಮನ ಕಟ್ಟೂ ಮುರಿಯುತ್ತದೆ, ನೆಲವೂ ಕಿತ್ತುಹೋಗುತ್ತದೆ. ಆಕೆ ಒಲ್ಲೆ ಎಂದರೆ ತಾವು ಇಲ್ಲಿ ಕಾಲಿಡುವುದಿಲ್ಲ ಎಂದು ಆಟಗಾರರು ಹಟ ಹಿಡಿದಿದ್ದಾರೆ.

ನಾನಿರುವಾಗಲೇ ಮಾಸ್ತರರೂ ವಲಿ ಪಾಷಾರೂ ಬರುತ್ತಾರೆ. ಮಾಸ್ತರರು ಜೋಡು ಅಂಚಿನಲ್ಲೇ ಬಿಡುತ್ತಾರೆ. ವಲಿ ಪಾಷಾ ಎಲ್ಲಿಂದಲೋ ಎರವಲು ತಂದ ಒಂದು ಬೂಟನ್ನು ನೆಲಕ್ಕಿಡದೆ ಕೈಯಲ್ಲೇ ಹಿಡಿದು ನಿಲ್ಲುತ್ತಾರೆ.

"ನೀ ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ಲ ಯವ್ವಾ. ನಿನ್ನ ಮೀರಿ ಏನೂ ಮಾಡಂಗಿಲ್ಲ," ಎನ್ನುತ್ತಾರೆ ವಲಿ ಪಾಷಾ.

ಗೋಪಮ್ಮ ಬೂಟನ್ನು ಈಸಿಕೊಂಡು ಮಗುಚುತ್ತಾರೆ. ಅಟ್ಟೆಗೆ ಬಡಿದ ಗುಬ್ಬಿಗಳನ್ನು ಒಂದೊಂದಾಗಿ ಮುಟ್ಟುತ್ತಾರೆ. ಆಮೇಲೆ ಹದವಾದ ನೆಲಕ್ಕೆ ತಾವೇ ಒತ್ತುತ್ತಾರೆ. ತೂತು ಬೀಳುತ್ತದೆ. ಬೆರಳು ಹಾಕಿ ಅದರ ಆಳ ನೋಡುತ್ತಾರೆ. ನನಗೆ ಆಕೆಯ ಬಗ್ಗೆ ಮರುಕವೆನಿಸುತ್ತದೆ, ಬೇಡವೆಂದುಬಿಡಲಿ ಎಂದೂ ಅನಿಸುತ್ತದೆ.

"ನಮ್ಮ ಎತ್ತಿನ ಕಾಲಾಗೂ ಲಾಳ ಅದಾವು," ಎಂದು ಕೊನೆಗೆ ಹೇಳುತ್ತಾರೆ. "ಬರ್ಲಿ ಬಿಡ್ರಿ ಮಾಸ್ತರ."

ಭಾನುವಾರ ಮೇಟಿಯ ಪೂಜೆ ಮುಗಿದು ಆಟ ಶುರುವಾಗುತ್ತದೆ. ನಮ್ಮವರದು ಬರಿಗಾಲು, ಅವರದು ಬೂಟು. ಒಂದಕ್ಕೆ ಎರಡು ಗೋಲುಗಳಿಂದ ದೋಆಬ್ ಸೋಲುತ್ತದೆ. ಆದರೂ ಜನ ಕುಣಿಯುತ್ತಾರೆ, ಆಟ ಮರಳಿತಲ್ಲ ಎಂಬ ಖುಷಿ ಅವರಿಗೆ. ಗಿರಣಿಯ ಮಾಲೀಕರು ಮುಂದಿನ ವರ್ಷವೂ ಇಲ್ಲೇ ಎಂದು ಎಲ್ಲರೆದುರು ಹೇಳಿ ಹೋಗುತ್ತಾರೆ. ಜನ ಕರಗಿದ ಮೇಲೆ ಗೋಪಮ್ಮ ತೂತು ಬಿದ್ದ ನೆಲದ ಮೇಲೆ ಒಂದು ಸುತ್ತು ಬರುತ್ತಾರೆ. ಕಿತ್ತ ಮಣ್ಣನ್ನು ಕಾಲಿನಿಂದ ತಳ್ಳಿ ಮುಚ್ಚುತ್ತಾರೆ. ಇಷ್ಟು ದಿನ ಕಾಯ್ದ ಕಟ್ಟನ್ನು ಯಾಕೆ ಬಿಟ್ಟಿರಿ ಎಂದು ಕೇಳುತ್ತೇನೆ. ಅವರ ಮುಖದಲ್ಲಿ ಬೇಸರವಿಲ್ಲ.

"ನೀರಮಾನ್ವಿಯಾಗ ಗೌಡ್ರ ಕಣ ಎಷ್ಟು ಮಾಡೀನೋ ಲೆಕ್ಕಿಲ್ರೀ," ಎನ್ನುತ್ತಾರೆ ಗೋಪಮ್ಮ. "ಕಣ ಆಗೂತನ ನಾ ಬೇಕು. ರಾಶಿ ಬಿದ್ದಿಂದ, ನೀ ಮುಟ್ಟಬ್ಯಾಡ, ಹೊರಗ ನಿಲ್ಲು ಅಂತಿದ್ರು. ಇದು ನನ್ನ ಕಣ. ಇದ್ರಾಗ ಬರಬ್ಯಾಡ ಅಂತ ನಾ ಯಾರಿಗೂ ಅನ್ನಂಗಿಲ್ಲ."