ಮೇನ್ ಸ್ವಿಚ್ಚಿಗೆ ಹಚ್ಚಿದ ವಿಭೂತಿ

"ಗಂಡಸ್ರು ಯಾರೂ ಬರಲಿಲ್ಲೇನು?"

ಹಾನಗಲ್ಲಿನ ಅಕ್ಕಿ ಗಿರಣಿಯ ಮಾಲೀಕರು ನನ್ನನ್ನು ಕಂಡು ಮೊದಲು ಕೇಳಿದ್ದು ಇದನ್ನು. ಹಿರೇಕೆರೂರಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ರಿಪೇರಿಗೆ ಊರೂರು ತಿರುಗುವ ಹೆಣ್ಣು ನಮ್ಮ ಅಂಗಡಿಯಲ್ಲಿ ನಾನೊಬ್ಬಳೇ. "ನಾನ ಬಂದೇನ್ರಿ," ಅಂದು ಚೀಲ ಇಳಿಸಿದೆ.

ಹೊಟ್ಟು ತೂರುವ ಬ್ಲೋವರ್ ಮೋಟಾರಿನ ವೇಗ ಹಿಡಿತದಲ್ಲಿಡುವ ಡಬ್ಬಿಗೆ ಡ್ರೈವ್ ಅನ್ನುತ್ತೇವೆ; ಇಲ್ಲಿಯದು ನಮ್ಮ ಅಂಗಡಿಯೇ ಮಾರಿದ್ದು. ದಸರೆ ಮುಗಿದಾಗಿನಿಂದ, ಗಿರಣಿ ಜೋರು ಹಿಡಿದ ಕೂಡಲೇ ಅದು ನಿಂತುಬಿಡುತ್ತಿತ್ತು. ಕರೆಂಟಿನ ಮೂರು ಫೇಸ್‌ಗಳಲ್ಲಿ ಒಂದು ಸರಿಯಾಗಿ ಬರುತ್ತಿಲ್ಲ ಎಂದು ಅದರ ಪರದೆಯೇ ಹೇಳುತ್ತಿತ್ತು. ಮಾಲೀಕರು ನಂಬಲೊಲ್ಲರು.

"ಮೂರೂ ಫೇಸ್ ಅದಾವ. ನಿಮ್ಮ ಡಬ್ಬೀನ ಖೊಟ್ಟಿ. ಹಂಗ ತಾನ ನಿಂದ್ರೂ ಸೆಟಿಂಗ್ ಆಫ್ ಮಾಡಿ ಹೋಗವಾ, ನಡೀತೈತಿ."

ನಡೆಯುತ್ತದೆ, ನಿಜ. ಮೂವರ ಹೊರೆಯನ್ನು ಇಬ್ಬರು ಹೊತ್ತಂತೆ ನಾಲ್ಕು ದಿನ ನಡೆದು, ಡ್ರೈವ್ ಒಳಗಿಂದ ಸುಟ್ಟುಹೋಗುತ್ತದೆ. ಆಗ ಹೆಣ್ಣುಮಗಳು ಬಂದು ಸುಟ್ಟಳು ಅನ್ನುತ್ತಾರೆ. ಆಮೇಲೆ ನನ್ನನ್ನು ಯಾವ ಊರಿಗೂ ಕಳಿಸುವುದಿಲ್ಲ.

ಅಂಗಡಿಯ ಯಜಮಾನರಿಗೆ ಫೋನ್ ಮಾಡಿದರೆ ಅವರದೂ ಅದೇ ರಾಗ. "ಅವ್ರು ಹೇಳಿದಂಗ ಮಾಡು. ಇಲ್ಲಾಂದ್ರ ನಾಳೆ ಸವಣೂರಿನ ರಿಪೇರಿಗೆ ಬ್ಯಾರೆಯವ್ರನ್ನ ಕಳಸ್ತೇನಿ."

"ಕಳಸ್ರಿ," ಅಂದು ಫೋನ್ ಇಟ್ಟೆ.

ಗಿರಣಿಯನ್ನು ಓಡಿಸಿ ಮೀಟರ್ ಹಿಡಿದೆ. ಮೇನ್ ಸ್ವಿಚ್ಚಿನ ಒಳಗೆ ಹೋಗುವ ಮೂರೂ ಫೇಸ್ ಸರಿಯಾಗಿದ್ದವು. ಹೊರಬರುವ ಕಡೆ ಒಂದು ಕುಸಿಯುತ್ತಿತ್ತು. ಅಂದರೆ ಕಳ್ಳ ಸ್ವಿಚ್ಚಿನೊಳಗೇ ಇದ್ದ. ಲೈನ್‌ಮ್ಯಾನ್ ಕರೆಸಿ ಟ್ರಾನ್ಸ್‌ಫಾರ್ಮರಿನಲ್ಲೇ ಕರೆಂಟ್ ತೆಗೆಸಿದೆ.

"ಪೂಜಾ ಮಾಡೇವಿ, ಅದನ್ನ ಬಿಚ್ಚಬ್ಯಾಡ," ಅಂದರು ಮಾಲೀಕರ ತಾಯಿ. ಬಿಚ್ಚಿದೆ.

ದಸರೆಯ ಖಂಡೆಪೂಜೆ, ಅಂದರೆ ಆಯುಧಪೂಜೆಯ ದಿನ ಒಳಗಿನ ತಾಮ್ರದ ಪಟ್ಟಿಗಳಿಗೆ ಒದ್ದೆ ವಿಭೂತಿ ಹಚ್ಚಿದ್ದರು. ಎರಡಕ್ಕೆ ತೆಳುವಾಗಿ. ಮೂರನೆಯದಕ್ಕೆ ಭಕ್ತಿ ಸ್ವಲ್ಪ ಹೆಚ್ಚೇ ಆಗಿತ್ತು. ಆ ಪಟ್ಟಿ ತನ್ನ ಜಾಗದಲ್ಲಿ ಸರಿಯಾಗಿ ಕೂಡದೆ, ಕಾದು ಕಾದು ಕಪ್ಪಾಗಿತ್ತು.

"ಅವ್ವಾರ, ಇಬತ್ತಿ ನಾನೂ ಹಚ್ಚಿಗೊಂಡೇನ್ರಿ," ಎಂದು ನನ್ನ ಹಣೆ ತೋರಿಸಿದೆ. "ಇಲ್ಲಿ ಹಚ್ಚೂದ್ರಿ. ಕರೆಂಟ್ ಹಾಯೋ ಜಾಗಾದಾಗ ಅಲ್ಲ."

ಅವರು ಮುಖ ಗಂಟಿಕ್ಕಿದರು. ನಾನು ಪಟ್ಟಿಗಳನ್ನು ಉಜ್ಜಿ ಸ್ವಚ್ಛ ಮಾಡಿ, ಬಿಗಿ ಮಾಡಿ ಮುಚ್ಚಳ ಹಾಕಿದೆ. ಆಮೇಲೆ ಅವರೇ ಬಂದು ಮುಚ್ಚಳದ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದರು. ಸಂಜೆಯವರೆಗೆ ಕಾದು ಕುಳಿತೆ, ಡ್ರೈವ್ ಒಮ್ಮೆಯೂ ನಿಲ್ಲಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿದ್ದಾಗ ಯಜಮಾನರ ಫೋನ್ ಬಂತು.

"ಆಫ್ ಮಾಡಿದೇನು?"

"ಇಲ್ರಿ."

"ನನ್ನ ಮಾತ ಕೇಳಲಿಲ್ಲ ನೀ."

"ಕೇಳಿದ್ರ ನಿಮ್ಮ ಡ್ರೈವೂ ಉಳೀತಿದ್ದಿಲ್ಲ, ನಾನೂ ಉಳೀತಿದ್ದಿಲ್ರಿ. ನಾಳೆ ಸವಣೂರಿಗೆ ಎಷ್ಟೊತ್ತಿಗೆ ಹೋಗ್ಲಿ?"

ಮುಂಜಾನೆಯ ಮೊದಲ ಬಸ್ಸಿಗೆ ಹೋಗು ಅಂದರು.