ತೊಮಿಎಯ ಬೆನ್ನಿನ ಮೀನು

ಒಸಾಕಾದ ತೈಶೋ ಬಡಾವಣೆಯಲ್ಲಿ ತೊಮಿಎಯಷ್ಟು ಚೊಕ್ಕಟವಾಗಿ ಸಾರ್ವಜನಿಕ ಸ್ನಾನದ ಮನೆ ನಡೆಸುವವರು ಇನ್ನೊಬ್ಬರಿರಲಿಲ್ಲ. ಅಲ್ಲಿ ಒಮ್ಮೆಯೂ ಮೀಯದವಳು ಇಡೀ ಬೀದಿಗೆ ಅವಳೊಬ್ಬಳೇ! ಮೂವತ್ತೆಂಟು ವರ್ಷ ಬಾಗಿಲ ಬಳಿಯ ಎತ್ತರದ ಪೀಠದಲ್ಲಿ ಕೂತು ಒಳಗಿನ ಹೆಂಗಸರ ನಗು ಕೇಳಿಸಿಕೊಂಡಳು. ತಾನು ಮಾತ್ರ ಹಿತ್ತಲಿನ ತಗಡಿನ ತೊಟ್ಟಿಯಲ್ಲಿ ಮೊಣಕಾಲು ಮಡಚಿ ಮೀಯುತ್ತಿದ್ದಳು. ಒಂದೇ ಒಂದು ಸಲ ಒಳಗಿನ ಆ ದೊಡ್ಡ ಬಿಸಿನೀರಿನ ಕೊಳದಲ್ಲಿ, ಆ ಗದ್ದಲದ ನಡುವೆ ಕತ್ತಿನವರೆಗೆ ಮುಳುಗಬೇಕೆಂಬ ಆಸೆಗೆ ಜೀವ ಬಿಡುತ್ತಿದ್ದಳು.

ಅಡ್ಡ ಬಂದದ್ದು ಹೆಗಲ ಹಿಂದಿನ ಹಚ್ಚೆ. ಹತ್ತೊಂಬತ್ತರ ಹುಚ್ಚಿನಲ್ಲಿ ಹಾಕಿಸಿಕೊಂಡ ಪುಟ್ಟ ಕೆಂಪು ಮೀನು. ಅವಳ ಜೊತೆ ತಾನೂ ಮೈ ಕೈ ತುಂಬಿಕೊಂಡು ಈಗ ಭರ್ಜರಿಯಾಗಿತ್ತು. ಹಚ್ಚೆಯೆಂದರೆ ರೌಡಿಗಳ ಗುರುತು ಎಂದು ಅಲ್ಲಿನ ಜನರ ನಂಬಿಕೆ; ಹಚ್ಚೆಯವರಿಗೆ ಪ್ರವೇಶವಿಲ್ಲ ಎಂಬ ಹಲಗೆ ಮಾವ ಹೊಡೆದದ್ದು. ಮಾವ ಹೋದರು, ಗುಟ್ಟು ಕಾಪಾಡಿದ ಗಂಡನೂ ಹೋದ, ಹಲಗೆ ಉಳಿಯಿತು. ಕುವಾಬಾರಾ ಇದ್ದಳಲ್ಲ! ಎಂಬತ್ತರ ನಿವೃತ್ತ ವ್ಯಾಯಾಮ ಶಿಕ್ಷಕಿ, ನಾಲ್ಕು ಗಂಟೆಗೆ ಬರುವ ಹೆಂಗಸರ ದಂಡಿಗೆಲ್ಲ ಯಜಮಾನಿ. ಹಚ್ಚೆಯವರನ್ನು ಬಿಟ್ಟುಕೊಂಡರೆ ದಂಡುಸಮೇತ ಬೇರೆ ಕಡೆ ಹೋಗುತ್ತೇನೆಂದು ಹೆದರಿಸಿದ್ದಳು. ಅವರು ಹೋದರೆ ಒಲೆ ಆರಿದಂತೆಯೇ.

ಹೀಗಿರುವಾಗ ಒಂದು ಸಂಜೆ, ದಂಡು ಒಳಗಿರುವ ಹೊತ್ತಿಗೇ, ಚಿನೆನ್ ನಾರುಮಿ ಎಂಬ ನರ್ಸು ಬಂದಳು. ದಕ್ಷಿಣದ ಓಕಿನಾವಾ ದ್ವೀಪದ ಕಡೆಯ ಮನೆತನ. ಬೆರಳುಗಳ ಮೇಲೆಲ್ಲ ಹಚ್ಚೆಯ ನೀಲಿ ಬಾಣ, ನೀಲಿ ಚುಕ್ಕಿ. ತೊಮಿಎ ಹಲಗೆಯತ್ತ ಬೆರಳು ತೋರಿಸಿದಳು. ಹುಡುಗಿ ಜಗಳವಾಡಲಿಲ್ಲ.

"ಅಂಗಡಿ ನಿಮ್ದು, ಬೇಡ ಅನ್ನೋದು ನಿಮ್ಮಿಷ್ಟ. ಆದ್ರೆ ಇದು ನಮ್ಮ ಮುತ್ತಜ್ಜಿ ಕೈಮೇಲಿದ್ದ ಹಚ್ಚೆ. ಅವಳು ಬಂದಿದ್ರೂ ಹೀಗೇ ಕಳಿಸ್ತಿದ್ರಾ ಅಮ್ಮಾ?"

ಹೌದು, ತೊಮಿಎ ಕಳಿಸುತ್ತಿದ್ದಳು. ತನ್ನನ್ನೇ ಮೂವತ್ತೆಂಟು ವರ್ಷದಿಂದ ಕಳಿಸುತ್ತಿಲ್ಲವೇ? ಇದ್ದಕ್ಕಿದ್ದಂತೆ ಅವಳಿಗೆ ತಡೆಯಲಾರದ ನಗು ಬಂತು. ಪೀಠದಿಂದ ಧಡಕ್ಕನೆ ಇಳಿದು, ಹಲಗೆ ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡು, ಹುಡುಗಿಯ ಕೈ ಹಿಡಿದು ಒಳಗೆ ಎಳೆದೊಯ್ದಳು. ಬಟ್ಟೆ ಕಳಚುವಾಗಲೂ ನಗು ನಿಲ್ಲಲಿಲ್ಲ.

ಕೊಳದಲ್ಲಿದ್ದ ಆರು ತಲೆಗಳೂ ಒಟ್ಟಿಗೆ ತಿರುಗಿದವು. ಕುವಾಬಾರಾ ಕಣ್ಣು ಕಿರಿದು ಮಾಡಿ ತೊಮಿಎಯ ಹೆಗಲನ್ನೇ ದಿಟ್ಟಿಸಿದಳು.

"ಏನೇ ಅದು, ಕುಂಬಳಕಾಯಾ?"

"ಮೀನು," ಎಂದಳು ತೊಮಿಎ. ದಂಡು ಹೋಗುವುದಾದರೆ ಹೋಗಲಿ ಎಂದು, ಕೊಳಕ್ಕಿಳಿಯುವ ಮುನ್ನ ಮೈ ತೊಳೆಯಲು ಸ್ಟೂಲಿನ ಮೇಲೆ ಕೂತು ನೀರು ಸುರಿದುಕೊಂಡಳು.

"ಇದಕ್ಕಾ ನೀನು ನಮ್ಜೊತೆ ಇಳೀತಿರ್ಲಿಲ್ಲ?" ಮುದುಕಿಯ ದನಿ ಒಡೆಯಿತು. "ನಮ್ಮನ್ನ ಕಂಡ್ರೆ ನಿಂಗೆ ಅಸಹ್ಯ ಅಂದ್ಕೊಂಡಿದ್ನಲ್ಲೇ, ಇಷ್ಟು ವರ್ಷ!"

ತೊಮಿಎ ನಗುತ್ತಲೇ ಅತ್ತುಬಿಟ್ಟಳು. ನಾರುಮಿ ಸಂಕೋಚದಿಂದ ಅವಳ ಹಿಂದೆ ಕೂತು, ಬೆನ್ನಿನ ಮೀನಿಗೆ ಸೋಪು ಹಚ್ಚತೊಡಗಿದಳು. ಕುವಾಬಾರಾ ಆ ನೀಲಿ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನೀರಿನಿಂದೆದ್ದು, ಸ್ಟೂಲು ಎಳೆದುಕೊಂಡು ಹುಡುಗಿಗೆ ಬೆನ್ನು ಮಾಡಿ ಕೂತಳು.

"ಅವಳದ್ದು ಮುಗೀಲಿ. ಆಮೇಲೆ ನಂಗೂ ಸ್ವಲ್ಪ ಉಜ್ಜಮ್ಮ."